ತಾಟಿನ ಬೆನ್ನ ಮೇಲಿನ ಹೆಸರು

ಇಚಲಕರಂಜಿ
14 ಜನವರಿ 2024

ಗಡಹಿಂಗ್ಲಜದ ಸಿದ್ಧಲಿಂಗ ಕುಂಬಾರರ ಮನೆಯ ಹಿರಿಯರಿಗೆ ನಮಸ್ಕಾರಗಳು.

ನನ್ನ ಗುರುತು ನಿಮಗಿಲ್ಲ. ಹೆಸರು ಯಲಗೂರಪ್ಪ, ಮೂಲ ರಬಕವಿ. ಮೂವತ್ತೈದು ವರ್ಷಗಳಿಂದ ಇಲ್ಲಿಯ ಯಂತ್ರಮಗ್ಗಗಳ ಶೆಡ್ಡಿನಲ್ಲಿ ಜಾಬರ್ ಆಗಿದ್ದೇನೆ. ಕೆಟ್ಟ ಮಗ್ಗ ರಿಪೇರಿ ಮಾಡುವ ಕೆಲಸ. ಆ ಸದ್ದಿನಲ್ಲಿ ಎರಡೂ ಕಿವಿ ಹೋಗಿವೆ. ಫೋನು ಹಚ್ಚಿದರೆ ನನಗೇನೂ ಕೇಳಿಸುವುದಿಲ್ಲ. ಅದಕ್ಕೇ ಈ ಪತ್ರ.

ಹನ್ನೊಂದು ವರ್ಷಗಳ ಹಿಂದೆ ಹಾತಕಣಂಗಲೆ ಸ್ಟೇಶನ್ನಿನ ಹೊರಗೆ ಗುಜರಿಯವನ ಗಾಡಿಯಲ್ಲಿ ಒಂದು ಚೀನಿಮಣ್ಣಿನ ತಾಟು ಕಂಡೆ. ನೆನೆದ ಹುಣಸೆ ಬೀಜದ ಬಣ್ಣ, ಅಂಚಿನ ಕೆಳಗೆ ಒಂದೇ ಒಂದು ಕಪ್ಪು ಗೆರೆ. ಎತ್ತಿದರೆ ಕಲ್ಲಿನಷ್ಟು ಗಟ್ಟಿ, ಆದರೆ ಕೈಗೆ ಹಗುರ. ಹೊರಳಿಸಿ ನೋಡಿದೆ. ಬೆನ್ನ ಮೇಲೆ ಕಡ್ಡಿಯಿಂದ ಗೀಚಿದ 'ಸಿ' ಅಕ್ಷರ, ಪಕ್ಕದಲ್ಲಿ 87. ಅಂದಿನಿಂದ ರಜೆಯ ದಿನ ಮನೆಯಲ್ಲಿ ಕೂತದ್ದು ನೆನಪಿಲ್ಲ. ಊರೂರು ಅಲೆದು, ಹಳೆಯ ಖಾನಾವಳಿಗಳ ಅಟ್ಟ ಹತ್ತಿ, ಈಗ ನನ್ನ ಹತ್ತಿರ ತಾಟು, ಬಟ್ಟಲು, ಕಪ್ಪು-ಬಶಿ ಸೇರಿ ನೂರಾ ನಲವತ್ತು ಇವೆ. ಇವೆಲ್ಲ ನಿಮ್ಮ ಸಿದ್ಧಲಿಂಗ ಅವರ ಭಟ್ಟಿಯವು ಎಂದು ತಿಳಿದದ್ದು ಹೋದ ತಿಂಗಳು, ನಿಮ್ಮೂರ ಪಾತ್ರೆ-ಭಾಂಡಿ ಅಂಗಡಿಯ ಮುದುಕರೊಬ್ಬರಿಂದ.

ಕೊಲ್ಹಾಪುರದಲ್ಲಿ ಮಣ್ಣಿನ ಕೆಲಸ ಕಲಿಸುವ ಪ್ರಾಜಕ್ತಾ ಎಂಬ ಹೆಣ್ಣುಮಗಳು ಈ ವರ್ಷ ದೀಪಾವಳಿಗೆ ಮೊದಲು ಇವುಗಳ ಪ್ರದರ್ಶನ ಇಡಬೇಕೆಂದಿದ್ದಾಳೆ. ನಿಮ್ಮಲ್ಲಿ ಅವರ ಫೋಟೋ, ಉಪಕರಣ, ಉಳಿದ ಸಾಮಾನು ಏನಾದರೂ ಇದ್ದರೆ ಬಂದು ನೋಡಿ ಹೋಗಲೇ?

ನಿಮ್ಮ ವಿಶ್ವಾಸಿ,
ಯಲಗೂರಪ್ಪ

---

ಗಡಹಿಂಗ್ಲಜ
2 ಫೆಬ್ರವರಿ 2024

ಯಲಗೂರಪ್ಪ ಅವರಿಗೆ,

ಪತ್ರ ಮುಟ್ಟಿತು. ಸಿದ್ಧಲಿಂಗ ಅವರು ನನ್ನ ಗಂಡನ ಅಣ್ಣ, ನನಗೆ ಭಾವ. ಅವರು ತೀರಿಕೊಂಡು ಮೂವತ್ತೊಂದು ವರ್ಷವಾಯಿತು. ಭಟ್ಟಿ ಇದ್ದ ಜಾಗದಲ್ಲಿ ಈಗ ಮದುವೆಯ ಮಂಗಲ ಕಾರ್ಯಾಲಯವಿದೆ. ಮನೆಯಲ್ಲಿ ಏನೂ ಉಳಿದಿಲ್ಲ. ನಾವು ಸ್ಟೀಲಿನ ತಾಟಿನಲ್ಲಿ ಉಣ್ಣುತ್ತೇವೆ. ಬರುವ ತೊಂದರೆ ತೆಗೆದುಕೊಳ್ಳಬೇಡಿ.

ಫೋಟೋ ಬೇಕಿದ್ದರೆ ಅವರ ಮಗ ಜೀವನನನ್ನು ಕೇಳಿರಿ. ಕೊಲ್ಹಾಪುರದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ.

ನೀವು ಬರೆದ 87ರ ತಾಟನ್ನು ನೀರಿನ ಮೇಲೆ ಬಿಟ್ಟರೆ ಒಂದು ಮಗ್ಗುಲಿಗೆ ವಾಲುತ್ತದೆಯೇ?

ಅನ್ನವ್ವ

---

ಇಚಲಕರಂಜಿ
11 ಫೆಬ್ರವರಿ 2024

ಅನ್ನವ್ವಕ್ಕನವರಿಗೆ ನಮಸ್ಕಾರ.

ವಾಲುತ್ತದೆ. ನಿಮ್ಮ ಪತ್ರ ಓದಿದವನೇ ಬಕೆಟ್ಟಿನಲ್ಲಿ ನೀರು ತುಂಬಿ ಬಿಟ್ಟು ನೋಡಿದೆ. ಗೆರೆ ಶುರುವಾಗುವ ಕಡೆಗೇ ವಾಲುತ್ತದೆ. ಹನ್ನೊಂದು ವರ್ಷ ನನ್ನ ಕೈಯಲ್ಲಿದ್ದ ತಾಟಿನ ಈ ಗುಣ ನನಗೆ ಗೊತ್ತಿರಲಿಲ್ಲ. ನಿಮಗೆ ಹೇಗೆ ಗೊತ್ತಾಯಿತು?

ನಮ್ಮದು ಒಂದೂವರೆ ಖೋಲಿಯ ಮನೆ. ತಾಟುಗಳು ಮಂಚದ ಕೆಳಗೆ, ಹಿಟ್ಟಿನ ಡಬ್ಬಿಯ ಹಿಂದೆ, ದೇವರ ಮಾಡದ ಪಕ್ಕದಲ್ಲಿ ಇವೆ. ನನ್ನ ಹೆಂಡತಿ ಚೆನ್ನವ್ವ ಕಾಗದದ ಮೇಲೆ ಬರೆದು ತೋರಿಸುತ್ತಾಳೆ: "ಈ ಮನ್ಯಾಗ ಕಾಲು ಚಾಚಾಕ ಜಾಗ ಇಲ್ಲ, ನಿಮ್ಮ ತಾಟು ಮಾತ್ರ ಆರಾಮ ಮಲಗ್ಯಾವು." ಆದರೂ ಧೂಳು ಒರೆಸುವವಳು ಅವಳೇ. ಹೋದ ವಾರ ಅಕಿವಾಟಕ್ಕೆ ಹೋಗಿದ್ದೆ. ಒಬ್ಬ ರೈತರ ಮನೆಯಲ್ಲಿ ನಿಮ್ಮ ಭಟ್ಟಿಯ ಬಟ್ಟಲಿನಲ್ಲಿ ಕೋಳಿಗೆ ನುಚ್ಚು ಹಾಕುತ್ತಿದ್ದರು. ಹೊಸ ಬುಟ್ಟಿಯೊಂದು ಕೊಟ್ಟು ತಂದೆ. ಮೋಟಾರ್‌ಸೈಕಲ್ ಮೇಲೆ ಬರುವಾಗ ಅಂಗಿಯೊಳಗೆ ಎದೆಗೆ ಒತ್ತಿಕೊಂಡಿದ್ದೆ.

ಒಂದು ಸಂಗತಿ ಕಂಡುಕೊಂಡಿದ್ದೇನೆ, ಸರಿಯೋ ತಪ್ಪೋ ಹೇಳಿ. 84ರ ತನಕದ ತಾಟುಗಳು ದಪ್ಪ, ಭಾರ, ಅಂಚು ನೆಟ್ಟಗೆ. 85ರಿಂದ ತೆಳ್ಳಗಾಗುತ್ತವೆ. ಅಂಚು ತುಸು ಹೊರಗೆ ಬಾಗುತ್ತದೆ, ಮಾತಾಡಲು ಬಾಯಿ ತೆರೆದ ಹಾಗೆ. ಆ ಕಪ್ಪು ಗೆರೆ ಸುತ್ತಿ ಬಂದು, ಕೂಡುವ ಮುಂಚೆ ಅರ್ಧ ಬೆರಳು ಬಿಟ್ಟು ನಿಲ್ಲುತ್ತದೆ. ಅದರಲ್ಲಿ ಏನೋ ದೊಡ್ಡ ಅರ್ಥವಿದೆ ಎಂದು ನನಗೆ ಅನ್ನಿಸುತ್ತದೆ. ಸಿದ್ಧಲಿಂಗ ಅವರ ಕೈ ಪಕ್ವವಾದದ್ದು ಆಗಲೇ ಎಂದು ಪ್ರಾಜಕ್ತಾಗೆ ಹೇಳಿದೆ. ಅವಳು ಬರೆದುಕೊಂಡಳು.

ಯಲಗೂರಪ್ಪ

---

ಗಡಹಿಂಗ್ಲಜ
20 ಮಾರ್ಚ್ 2024

ಯಲಗೂರಪ್ಪ ಅವರಿಗೆ,

ಗೆರೆ ನಿಲ್ಲುವುದು ಕುಂಚದಲ್ಲಿ ಬಣ್ಣ ತೀರುವುದರಿಂದ. ಎರಡನೆಯ ಸಲ ಅದ್ದಿದರೆ ಕೂಡುವ ಜಾಗ ದಪ್ಪಗಾಗಿ ಕಾಣುತ್ತದೆ, ಅದಕ್ಕೇ ಬಿಟ್ಟದ್ದು. ಬೇರೆ ಅರ್ಥವೇನೂ ಇಲ್ಲ.

ತಾಟುಗಳನ್ನು ಯಾವುದರಿಂದ ತೊಳೆಯುತ್ತೀರಿ? ಆಸಿಡ್ ಹಾಕಬೇಡಿ. ಹುಳಿ ಮಜ್ಜಿಗೆ ಹಚ್ಚಿಟ್ಟು ತೊಳೆದರೆ ಸಾಕು. ಒಂದರ ಮೇಲೊಂದು ಇಡುವಾಗ ನಡುವೆ ಕಾಗದ ಹಾಕಿರಿ.

ತಾಟು ವಾಲುವುದು ಹೇಗೆ ಗೊತ್ತೆಂದು ನೀವು ಕೇಳಿದ್ದಕ್ಕೆ ಉತ್ತರ: ಮನೆಯಲ್ಲಿದ್ದವರಿಗೆ ಗೊತ್ತಿರುತ್ತದೆ. ಭಾವನವರು ಒಳ್ಳೆಯವರು. ಭಟ್ಟಿಯ ಬೆಂಕಿ ನೋಡಿಯೇ ಒಳಗಿನ ತಾಟುಗಳ ಹೊಳಪಿನ ಲೇಪ, ಆ ಗ್ಲೇಜು, ಕರಗಿದೆಯೋ ಇಲ್ಲವೋ ಹೇಳುತ್ತಿದ್ದರು. 84ರ ದಸರೆಯಲ್ಲಿ ಭಟ್ಟಿಯ ಮೇಲಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಸೊಟ್ಟಗೆ ಕೂಡಿತು. ಆಮೇಲೂ ಒಂಬತ್ತು ವರ್ಷ ಅವರು ಭಟ್ಟಿ ನಡೆಸಿದರು.

ಆ 87ರ ತಾಟನ್ನು ನಾಲ್ಕು ದಿನ ನೋಡಲು ಕಳಿಸುತ್ತೀರಾ? ವಾಪಸು ಕಳಿಸುತ್ತೇನೆ.

ಅನ್ನವ್ವ

---

ಇಚಲಕರಂಜಿ
7 ಏಪ್ರಿಲ್ 2024

ಅನ್ನವ್ವಕ್ಕನವರಿಗೆ,

ನಮ್ಮ ಶೆಡ್ಡಿನ ಜಿನಪಾಲ ಸಂಕೇಶ್ವರದ ಕಡೆ ಹೋಗುವವನಿದ್ದ. ತಾಟನ್ನು ಹತ್ತಿಯಲ್ಲಿ ಸುತ್ತಿ ಅವನ ಕೈಯಲ್ಲಿ ಕೊಟ್ಟಿದ್ದೇನೆ, ನಿಮ್ಮ ಮನೆಗೆ ಮುಟ್ಟಿಸುತ್ತಾನೆ.

ನಿಮ್ಮ ಪತ್ರವನ್ನು ಏಳೆಂಟು ಸಲ ಓದಿದೆ. ಪಾಳಿಯಲ್ಲಿ ಮಗ್ಗ ಬಿಚ್ಚಿ ಕೂತರೂ ಮನಸ್ಸು ಅಲ್ಲೇ. ಮೂವತ್ತೈದು ವರ್ಷ ಪಾನಾ ಹಿಡಿದ ಕೈ ನನ್ನದು. ಮಣಿಕಟ್ಟು ಸೊಟ್ಟಗಾದವನು ಒಂದು ನಟ್ಟು ಬಿಗಿಯುವುದೂ ಕಷ್ಟವೆಂದು ನನಗೆ ಗೊತ್ತು. ನನ್ನ ಹತ್ತಿರವಿರುವ ತೆಳ್ಳನೆಯ ತಾಟುಗಳೆಲ್ಲ ದಸರೆಯ ಆ ಅಪಘಾತದ ನಂತರದವು. ಒಂದೂ ಮುಂಚಿನದಿಲ್ಲ.

ಅಕ್ಕಾ, ಮಣ್ಣು ತಿರುಗಿಸುವ ತಿಗರಿಗೆ ಕೂಡುತ್ತಿದ್ದವರು ಯಾರು?

ಯಲಗೂರಪ್ಪ

---

ಇಚಲಕರಂಜಿ
15 ಜೂನ್ 2024

ಅನ್ನವ್ವಕ್ಕನವರಿಗೆ,

ಎರಡು ತಿಂಗಳಾಯಿತು, ಉತ್ತರವಿಲ್ಲ. ತಾಟೂ ಬಂದಿಲ್ಲ. ತಾಟಿನ ಚಿಂತೆಯಲ್ಲ, ಇಟ್ಟುಕೊಳ್ಳಿರಿ. ನಾನು ಕೇಳಬಾರದ್ದು ಕೇಳಿದೆನೇನೋ ಎಂಬ ಕಳವಳ. ಒಂದು ದಿನ ಹೊರಟು ನಿಪ್ಪಾಣಿಯ ತನಕ ಬಂದು, ಬರಬೇಡಿ ಎಂದಿದ್ದಿರಲ್ಲ ಎಂದು ತಿರುಗಿ ಹೋದೆ.

ಪ್ರಾಜಕ್ತಾ ಪ್ರದರ್ಶನದ ಪುಸ್ತಿಕೆ ತಯಾರು ಮಾಡಿದ್ದಾಳೆ. ಮರಾಠಿಯಲ್ಲಿದೆ. ಒಂದು ಪುಟವನ್ನು ಕನ್ನಡಕ್ಕೆ ತಂದು ಕಳಿಸುತ್ತಿದ್ದೇನೆ:

'1985ರಿಂದ 1993ರ ತನಕ ಸಿದ್ಧಲಿಂಗ ಅವರ ಪಕ್ವ ಕಾಲ. ಅಪಘಾತದ ನೋವನ್ನು ಮೀರಿ ಅವರು ಗಳಿಸಿಕೊಂಡ ಈ ಹಗುರತೆಯ ಹಿಂದೆ ಒಬ್ಬ ಗಂಡಸಿನ ತೋಳಿನ ದೃಢತೆ ಇದೆ. ಈ ಕಾಲಘಟ್ಟವನ್ನು ಮೊದಲು ಗುರುತಿಸಿದವರು ಸಂಗ್ರಾಹಕ ಯಲಗೂರಪ್ಪ.'

ತಪ್ಪಿದ್ದರೆ ತಿದ್ದಿರಿ.

ಯಲಗೂರಪ್ಪ

---

ಗಡಹಿಂಗ್ಲಜ
23 ಜೂನ್ 2024

ಯಲಗೂರಪ್ಪ ತಮ್ಮನಿಗೆ,

ಗಂಡಸಿನ ತೋಳು ಎಂದು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ. ಈ ಪತ್ರವನ್ನು ಮೂರು ಸಲ ಹರಿದು ನಾಲ್ಕನೆಯ ಸಲ ಬರೆಯುತ್ತಿದ್ದೇನೆ.

ಸಂಕೇಶ್ವರದಿಂದ ಈ ಮನೆಗೆ ಬಂದಾಗ ನನಗೆ ಇಪ್ಪತ್ತೆರಡು. ನನ್ನ ಗಂಡ ಅಪ್ಪು ಮಣ್ಣಿನ ಲಾರಿ ಪಲ್ಟಿಯಾಗಿ ತೀರಿಕೊಂಡಾಗ ಇಪ್ಪತ್ನಾಲ್ಕು. ತವರಿಗೆ ಹೋಗಲಿಲ್ಲ. ಮಣ್ಣು ತುಳಿಯುವುದು, ಸೋಸುವುದು, ಒಣಗಿಸುವುದು ನನ್ನ ಕೆಲಸ. ತಿಗರಿ ಮಾತ್ರ ಮುಟ್ಟುವಂತಿರಲಿಲ್ಲ. ಹೆಣ್ಣು ತಿಗರಿಗೆ ಕೂತರೆ ಭಟ್ಟಿ ಸೀಳುತ್ತದೆ, ಮನೆಗೆ ಕೇಡು ಎಂದು ನಮ್ಮವರಲ್ಲಿ ನಂಬಿಕೆ. ನಾನೂ ನಂಬಿದ್ದೆ.

ಭಾವನವರ ಕೈ ಮುರಿದಾಗ ಕೊಲ್ಹಾಪುರದ ಒಂದು ಖಾನಾವಳಿಯ ನಾಲ್ಕುನೂರು ತಾಟಿನ ಕೆಲಸ ಒಪ್ಪಿಕೊಂಡಾಗಿತ್ತು. ಎಂಟು ದಿನ ಅವರು ತಿಗರಿಯ ಮುಂದೆ ಸುಮ್ಮನೆ ಕೂತರು. ಒಂಬತ್ತನೆಯ ದಿನ ನಾನು ಮಣ್ಣಿನ ಮುದ್ದೆ ತಂದಿಟ್ಟು ಹೊರಟಾಗ ಕರೆದರು. "ತಂಗಿ, ನೀ ಕೂಡು. ಬಾಗಲದಾಗ ನಿಮ್ಮಕ್ಕ ಇರ್ತಾಳ, ಯಾರನ್ನೂ ಒಳಗ ಬಿಡೂದಿಲ್ಲ." ನಾನು ಒಲ್ಲೆನೆಂದೆ. ಅವರು ಎದ್ದು ಜಾಗ ಬಿಟ್ಟು ನಿಂತರು.

ಅಕ್ಕ ಎಂದರೆ ಸಾವಿತ್ರವ್ವ, ಅವರ ಹೆಂಡತಿ, ನನ್ನ ನೆಗೆಣ್ಣಿ. ಹೊರಗೆ ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂಡುತ್ತಿದ್ದಳು. ಒಳಗೆ ಭಾವನವರು ಬಾಯಿಂದ ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಮೊದಲ ತಿಂಗಳು ಒಂದೂ ನಿಲ್ಲಲಿಲ್ಲ. ಆಮೇಲೆ ಹೇಳುವುದು ಕಡಿಮೆಯಾಯಿತು. ಎರಡನೆಯ ವರ್ಷಕ್ಕೆ ಅವರು ಭಟ್ಟಿಯ ಕಡೆ ಇರುತ್ತಿದ್ದರು, ತಿಗರಿಯ ಕಡೆ ನಾನೊಬ್ಬಳೇ. ಬೆನ್ನ ಮೇಲೆ 'ಸಿ' ಎಂದು ಗೀಚುತ್ತಿದ್ದವಳೂ ನಾನೇ. ಭಟ್ಟಿ ಸೀಳಲಿಲ್ಲ.

93ರಲ್ಲಿ ಅವರು ಎದೆನೋವಿನಿಂದ ಹೋದರು. ಜೀವನ ಹನ್ನೆರಡರ ಹುಡುಗ. ತಾಟು ಮಾಡುವವಳು ಬದುಕಿದ್ದಳು, ಮಾಡಿದವರೆಂದು ತೋರಿಸಲು ಗಂಡಸಿರಲಿಲ್ಲ. ಭಟ್ಟಿ ಮುಚ್ಚಿತು. ಆಮೇಲೆ ಇಪ್ಪತ್ತೆರಡು ವರ್ಷ ಅಡತಿ ಅಂಗಡಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿದೆ. ರಾತ್ರಿ ಕೈ ಉರಿಯುತ್ತಿದ್ದವು. ಉರಿಗಿಂತ ಹೆಚ್ಚಾಗಿ, ಸುಮ್ಮನಿರುತ್ತಿರಲಿಲ್ಲ. ರೊಟ್ಟಿ ಹಿಟ್ಟನ್ನು ಕೂಡ ತಿಗರಿಯ ಮಣ್ಣಿನ ಹಾಗೆ ನಡುವಿನಿಂದ ಮೇಲೆತ್ತುತ್ತಿದ್ದೆ.

ನೀನು ಕಳಿಸಿದ ತಾಟು ನನ್ನ ಪೆಟ್ಟಿಗೆಯಲ್ಲಿದೆ. ಇದನ್ನು ಮೂವತ್ತೊಂದು ವರ್ಷ ಯಾರಿಗೂ ಹೇಳಿಲ್ಲ. ಜೀವನನಿಗೂ ಗೊತ್ತಿಲ್ಲ. ತಪ್ಪಿದ್ದರೆ ತಿದ್ದಿರಿ ಎಂದೆಯಲ್ಲ, ತಿದ್ದಿದ್ದೇನೆ. ಇನ್ನು ನಿನ್ನ ಮನಸ್ಸು.

ಅನ್ನವ್ವ

---

ಇಚಲಕರಂಜಿ
9 ಆಗಸ್ಟ್ 2024

ಅನ್ನವ್ವಕ್ಕನವರಿಗೆ ನಮಸ್ಕಾರ.

ತಡವಾಯಿತು, ಕ್ಷಮಿಸಬೇಕು. ಶೆಡ್ಡಿನಲ್ಲಿ ಕೆಲಸ ಬಹಳ. ಮಳೆಗೆ ಪಂಚಗಂಗೆ ಹೊಳೆ ತುಂಬಿ ಆ ಕಡೆಯ ರಸ್ತೆಗಳೂ ಬಂದ್ ಆಗಿದ್ದವು.

ನಿಮ್ಮ ಪತ್ರ ಬಂದಾಗ ಪುಸ್ತಿಕೆ ಪ್ರೆಸ್ಸಿಗೆ ಹೋಗಿತ್ತು. ಜೀವನ ಅವರು ಪ್ರದರ್ಶನ ಉದ್ಘಾಟಿಸಲು ಒಪ್ಪಿದ್ದಾರೆ. ತಂದೆಯ ದೊಡ್ಡ ಫೋಟೋ ಮಾಡಿಸುತ್ತಿದ್ದಾರೆ. ಅದನ್ನು ಬರೆದು ತೋರಿಸುವಾಗ ಅವರ ಕಣ್ಣು ತುಂಬಿ ಬಂದವು. ಈಗಲೇ ಎಲ್ಲ ಹೇಳುವುದು ಹೇಗೆ ಎಂದು ತಿಳಿಯುತ್ತಿಲ್ಲ. ಪ್ರದರ್ಶನವೊಂದು ಮುಗಿಯಲಿ, ಸಮಾಧಾನದಿಂದ ಕೂತು ಹೇಳೋಣ ಎಂದು ನನ್ನ ವಿಚಾರ.

ಸುಳ್ಳು ಹೇಳಬಾರದು. ಪುಸ್ತಿಕೆಯಲ್ಲಿ ನನ್ನ ಹೆಸರಿದೆ. ನನ್ನ ಹೆಸರನ್ನು ನಾನು ಅಚ್ಚಿನಲ್ಲಿ ನೋಡಿದ್ದು ಇದೇ ಮೊದಲು. ಚೆನ್ನವ್ವ ಆ ಪುಟವನ್ನು ದೇವರ ಮುಂದೆ ಇಟ್ಟಿದ್ದಾಳೆ.

ಯಲಗೂರಪ್ಪ

---

ಗಡಹಿಂಗ್ಲಜ
14 ಆಗಸ್ಟ್ 2024

ಯಲಗೂರಪ್ಪ ಅವರಿಗೆ,

ನಿಮ್ಮ ತಾಟನ್ನು ಇದರ ಜೊತೆ ಪಾರ್ಸಲ್ ಮಾಡಿದ್ದೇನೆ. ಮುಟ್ಟಿದ್ದಕ್ಕೆ ಪತ್ರ ಬರೆಯುವ ಅಗತ್ಯವಿಲ್ಲ.

ಅನ್ನವ್ವ

---

ಇಚಲಕರಂಜಿ
28 ಅಕ್ಟೋಬರ್ 2024

ಅನ್ನವ್ವಕ್ಕನವರಿಗೆ,

ಬರೆಯುವ ಅಗತ್ಯವಿಲ್ಲ ಎಂದಿದ್ದಿರಿ. ಆದರೂ ಬರೆಯಲೇಬೇಕಾಗಿದೆ.

ಶುಕ್ರವಾರದಿಂದ ನಿನ್ನೆಯ ತನಕ ಪ್ರದರ್ಶನ ನಡೆಯಿತು. ಜೀವನ ಅವರು ತಂದ ಫೋಟೋ ಮೂರು ಅಡಿ ಎತ್ತರ. ನನ್ನ ಕುರ್ಚಿ ಅದರ ಎದುರಿಗೇ ಇತ್ತು. ಸಿದ್ಧಲಿಂಗ ಅವರು ಭಟ್ಟಿಯ ಮುಂದೆ ನಿಂತಿದ್ದಾರೆ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಾರೆ. ಮಣಿಕಟ್ಟು ಒಳಗೆ ತಿರುಚಿಕೊಂಡಿರುವುದು ಸ್ಪಷ್ಟ ಕಾಣುತ್ತದೆ. ಮೂರು ದಿನ ನೂರಾರು ಜನ ಅದರ ಮುಂದೆ ನಿಂತು ಹೋದರು. ಆ ಮಣಿಕಟ್ಟನ್ನು ನೋಡಿದವನು ನಾನೊಬ್ಬನೇ. ಕುರ್ಚಿ ಆ ಕಡೆ ಸರಿಸಿದೆ, ಈ ಕಡೆ ಸರಿಸಿದೆ. ಹೊರಗೆ ಹೋಗಿ ಚಹಾ ಕುಡಿದೆ, ಮತ್ತೆ ಬಂದೆ. ಚೆನ್ನವ್ವ ನನ್ನ ಅಂಗೈ ಮೇಲೆ ಬೆರಳಿನಿಂದ ಬರೆದಳು: ಏನಾಗೇತಿ?

ಕೊನೆಯ ದಿನ ಮಧ್ಯಾಹ್ನ ಜೀವನ ಅವರು ಮೈಕಿನ ಮುಂದೆ ಮಾತಾಡುತ್ತಿದ್ದಾಗ ಎದ್ದು ನಿಂತೆ. "ಈ ತೆಳ್ಳನ್ನ ತಾಟು ಸಿದ್ಧಲಿಂಗ ಅವರು ಮಾಡಿದ್ದಲ್ರಿ. ಅವರ ತಮ್ಮನ ಹೆಂಡತಿ ಅನ್ನವ್ವ ಮಾಡಿದ್ದು. ನನಗ ಜೂನ್ ತಿಂಗಳಿಂದ ಗೊತ್ತಿತ್ತು, ನಾ ಸುಮ್ಮನಿದ್ದೆ." ನನ್ನ ದನಿ ನನಗೆ ಕೇಳಿಸುವುದಿಲ್ಲವಲ್ಲ, ಎಷ್ಟು ಜೋರಾಗಿ ಬಂತೋ. ಮುಂದಿನ ಸಾಲಿನವರು ಬೆಚ್ಚಿದರು.

ಜೀವನ ಅವರು ಕೆಳಗಿಳಿದು ಬಂದರು. ಮುಖ ಕೆಂಪಾಗಿತ್ತು. ಪುಸ್ತಿಕೆಯ ಹಿಂದೆ ಮರಾಠಿಯಲ್ಲಿ ಬರೆದು ತೋರಿಸಿದರು: ಪುರಾವಾ ಕಾಯ್? ಪುರಾವೆ ಏನು ಎಂದು. ನಿಮ್ಮ ಪತ್ರ ನನ್ನ ಜೇಬಿನಲ್ಲೇ ಇತ್ತು. ತೋರಿಸಲಿಲ್ಲ. ಅದು ನೀವು ನನಗೆ ಬರೆದದ್ದು.

ಪ್ರಾಜಕ್ತಾ ಹೇಳುವುದು ಹೀಗೆ: ಅವಳಲ್ಲಿ ತಿಗರಿ ಇದೆ, ಮಣ್ಣಿದೆ. ನೀವು ಬಂದು ಎಲ್ಲರ ಎದುರು ಒಂದು ತಾಟು ಮಾಡಿ ತೋರಿಸಿದರೆ ಯಾರೂ ಬಾಯಿ ತೆಗೆಯುವಂತಿಲ್ಲ. ನಾನೇ ಗಾಡಿ ಮಾಡಿಕೊಂಡು ಬಂದು ಕರೆದೊಯ್ಯುತ್ತೇನೆ.

ಯಲಗೂರಪ್ಪ

---

ಗಡಹಿಂಗ್ಲಜ
5 ನವೆಂಬರ್ 2024

ಯಲಗೂರಪ್ಪ ಅವರಿಗೆ,

ನನಗೆ ಅರವತ್ತೇಳು ವರ್ಷ. ಈ ವಯಸ್ಸಿನಲ್ಲಿ ಮಂದಿಯ ಮುಂದೆ ಪರೀಕ್ಷೆಗೆ ಕೂಡುವುದಿಲ್ಲ. ಮೂವತ್ತೊಂದು ವರ್ಷ ಮಣ್ಣು ಮುಟ್ಟದ ಕೈ ತಪ್ಪಿದರೆ ಆ ಸಾವಿರಾರು ತಾಟು ನನ್ನವಲ್ಲ ಎಂದಾಗುತ್ತದೆಯೇ? ಅದನ್ನು ನಿಮ್ಮ ಪ್ರಾಜಕ್ತಾಗೆ ಕೇಳಿರಿ.

ಹೇಳಬೇಕಾದಾಗ ನೀವು ಹೇಳಲಿಲ್ಲ. ಹೇಳುವಾಗ ನನ್ನನ್ನು ಕೇಳಲಿಲ್ಲ. ಎರಡಕ್ಕೂ ನನಗೆ ಸಿಟ್ಟಿದೆ.

ದೀಪಾವಳಿಗೆ ಜೀವನ ಬಂದಿದ್ದ. ಯಾವಾಗಲೂ ಪಡಸಾಲೆಗೆ ಬಂದವನೇ ಚಿಕ್ಕವ್ವನಾದ ನನ್ನನ್ನು ಕಾಕು ಎಂದು ಕೂಗುವವನು, ಈ ಸಲ ಕೂಗಲಿಲ್ಲ. ತನ್ನ ಅವ್ವನಿಗಷ್ಟೇ ಸೀರೆ ಕೊಟ್ಟ. ನನ್ನದನ್ನು ಚೀಲದಲ್ಲೇ ಇಟ್ಟುಕೊಂಡು ಹೋದ. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದ, "ನಮ್ಮಪ್ಪನ ಹೆಸರು ಅಳಿಸಿ ನಿನಗೇನು ಸಿಗತೈತಿ?" ಅವನನ್ನು ಎತ್ತಿ ಆಡಿಸಿದವಳು ನಾನು.

ಅಕ್ಕ ಸಾವಿತ್ರವ್ವ ಎಲ್ಲ ಕೇಳಿಸಿಕೊಂಡಳು. ಅಂದಿನಿಂದ ಸರಿಯಾಗಿ ಉಣ್ಣುತ್ತಿಲ್ಲ.

ಅನ್ನವ್ವ

---

ಗಡಹಿಂಗ್ಲಜ
12 ನವೆಂಬರ್ 2024

ಯಲಗೂರಪ್ಪ ಅವರಿಗೆ,

ಇದು ನನ್ನ ಪತ್ರವಲ್ಲ. ಅಕ್ಕನದು. ಅವಳಿಗೆ ಎಪ್ಪತ್ತೊಂಬತ್ತು, ಓದು ಬರಹ ಬರುವುದಿಲ್ಲ. ಬೆಳಿಗ್ಗೆ ಪೆನ್ನು ಕಾಗದ ತಾ ಎಂದಳು. ತಾನು ಹೇಳುತ್ತೇನೆ, ಒಂದು ಮಾತೂ ಬಿಡದೆ ಬರೆ ಎಂದಳು. ಅವಳ ಮಾತು ಹೀಗಿದೆ:

"ಯಲಗೂರಪ್ಪಗ ಸಾವಿತ್ರವ್ವ ಮಾಡೂ ನಮಸ್ಕಾರ. ಪುರಾವೆ ಬೇಕಂತ. ಪುರಾವೆ ನಾ ಅದೇನಿ. ಒಂಬತ್ತು ವರ್ಷ ಆ ತಿಗರಿ ಶೆಡ್ಡಿನ ಬಾಗಲದಾಗ ಕುಂತಾಕಿ ನಾನು. ಹಸನು ಮಾಡಿದ ಜೋಳಾನ ಮತ್ತ ಹಸನು ಮಾಡೇನಿ. ನಮ್ಮ ಮನೆಯವರ ಕೈಲೆ ತಾಟು ಎತ್ತಾಕೂ ಬರ್ತಿರಲಿಲ್ಲ, ನಾನ ತುತ್ತು ಮಾಡಿ ಉಣಸ್ತಿದ್ದೆ. ತಾಟು ಮಾಡಿದಾಕಿ ಅನ್ನವ್ವ.

"ಇನ್ನೊಂದು ಮಾತು ಬರಿ. ಮೊದಲನೇ ವರ್ಷ ನಾ ಬಾಗಲಾ ಕಾದದ್ದು ಊರ ಮಂದಿ ಒಳಗ ಬರಬಾರದಂತ ಅಲ್ಲ, ಒಳಗಿದ್ದ ಇಬ್ಬರ ಮ್ಯಾಲ ಕಿವಿ ಇಡಾಕ."

ಇಲ್ಲಿ ನಾನು ಪೆನ್ನು ನಿಲ್ಲಿಸಿದೆ. ನಲವತ್ತು ವರ್ಷದಲ್ಲಿ ಈ ಮಾತು ನನಗೆ ಗೊತ್ತಿರಲಿಲ್ಲ. ಅಕ್ಕ ನನ್ನ ಮುಖ ನೋಡಲಿಲ್ಲ. ಬರಿ, ಎಂದಳು.

"ಒಳಗಿಂದ ತಿಗರಿ ಸಪ್ಪಳ ನಿಂತರ ನನ್ನ ಎದಿ ಬಡಕೋತಿತ್ತು. ಸುರು ಆದರ ಜೀವ ತಿಳಿ ಆಗ್ತಿತ್ತು. ಒಂದಿನ ಸಪ್ಪಳ ಭಾಳ ಹೊತ್ತು ನಿಂತಿತ್ತು. ತಡೀಲಾರದ ಬಾಗಲಾ ತಳ್ಳಿದ್ನಿ. ಅವರು ಗ್ವಾಡಿಗೆ ಆತು ನಿದ್ದಿ ಹೋಗಿದ್ರು. ಅಕಿ ನೆಲದ ಮ್ಯಾಲ ಕುಂತು ಒಡದ ತಾಟು ನೋಡಕೋತ ಅಳಾಕತ್ತಿದ್ಲು. ನಾ ಬಂದದ್ದು ಅಕಿಗೆ ಗೊತ್ತಾಗಲಿಲ್ಲ. ಬಾಗಲಾ ಎಳದು ಬಂದ್ನಿ. ಆಮ್ಯಾಲೆ ಕಾದದ್ದು ಅಕಿ ಸಲುವಾಗಿ.

"ಅಕಿ ಕೆಲಸಾ ನಾವು ಉಂಡ್ವಿ. ನನ್ನ ಮಗ ಸಾಲಿ ಕಲಿತದ್ದು ಅದರಾಗ. ಅವಂಗ ಹೇಳೇನಿ. ಸಿಟ್ಟಾಗ್ಯಾನ, ಆಗಲಿ. ಇದನ್ನ ಎಲ್ಲಿ ಓದಬೇಕೋ ಅಲ್ಲಿ ಓದರಿ."

ಕೆಳಗೆ ಅವಳ ಎಡಗೈ ಹೆಬ್ಬೆಟ್ಟು. ಮೇಲಿನದೆಲ್ಲ ಅವಳು ಹೇಳಿದಂತೆಯೇ ಬರೆದಿದ್ದೇನೆ.

ಅನ್ನವ್ವ

---

ಇಚಲಕರಂಜಿ
8 ಡಿಸೆಂಬರ್ 2024

ಅನ್ನವ್ವಕ್ಕನವರಿಗೆ,

ಸಾವಿತ್ರವ್ವ ತಾಯಿಯ ಪತ್ರವನ್ನು ಜೀವನ ಅವರ ಅಂಗಡಿಗೆ ಒಯ್ದೆ. ಅವರು ಟೈಲ್ಸ್ ಪೆಟ್ಟಿಗೆಯ ಮೇಲೆ ಕೂತು ಓದಿದರು. ಗಿರಾಕಿಗಳು ಬಂದರು, ಎದ್ದೇಳಲಿಲ್ಲ. ಅವ್ವ ಬಾಯಲ್ಲಿ ಹೇಳಿದಾಗ ನಂಬಿರಲಿಲ್ಲವಂತೆ, ವಯಸ್ಸಾದವಳು ಎಂದುಕೊಂಡರಂತೆ. ನಿಮ್ಮ ಅಕ್ಷರದಲ್ಲಿ ಆ ಶೆಡ್ಡಿನ ಮಾತು ಓದಿದ ಮೇಲೆ ನಂಬಿದರು, ಪತ್ರ ಮಡಚಿ ನನ್ನ ಕೈಗಿಟ್ಟರು.

ಇನ್ನೂ ಮುನ್ನೂರು ಪುಸ್ತಿಕೆಗಳು ಉಳಿದಿವೆ. ಆ ಪುಟದ ಮೇಲೆ ಅಂಟಿಸಲು ಹೊಸ ಚೀಟಿ ಅಚ್ಚು ಹಾಕಿಸಲು ಪ್ರಾಜಕ್ತಾ ಒಪ್ಪಿದಳು. ನನ್ನ ಹೆಸರನ್ನು ತೆಗೆಯಲು ಹೇಳಿದ್ದೇನೆ. ತಪ್ಪು ಗುರುತಿಸಿದವನ ಹೆಸರು ಯಾಕೆ? ಚೀಟಿಯಲ್ಲಿ ಏನಿರಬೇಕೆಂದು ಜೀವನ ಅವರು ಬರೆದುಕೊಟ್ಟಿದ್ದಾರೆ: 'ಸಿದ್ಧಲಿಂಗ ಕುಂಬಾರ. 1985ರಿಂದ ಅನ್ನವ್ವ ಅವರ ಸಹಾಯದೊಂದಿಗೆ.'

ನಿಮ್ಮನ್ನು ಕೇಳದೆ ಈ ಸಲ ಒಂದಕ್ಷರವೂ ಅಚ್ಚಾಗುವುದಿಲ್ಲ. ನೀವು ಹೇಳುವ ತನಕ ಕಾಯುತ್ತೇನೆ.

ಯಲಗೂರಪ್ಪ

---

ಗಡಹಿಂಗ್ಲಜ
19 ಡಿಸೆಂಬರ್ 2024

ಯಲಗೂರಪ್ಪ ತಮ್ಮನಿಗೆ,

ಸಹಾಯ ಎಂಬ ಮಾತು ತೆಗೆ. ಸಹಾಯ ಮಾಡಿದವಳು ಅಕ್ಕ. ನಾನು ತಾಟು ಮಾಡಿದೆ. ಚೀಟಿಯಲ್ಲಿ ಹೀಗಿರಲಿ: 'ಮಣ್ಣಿನ ಹದ, ಗ್ಲೇಜು, ಬೆಂಕಿ ಸಿದ್ಧಲಿಂಗ ಕುಂಬಾರ. ತಿಗರಿ ಅನ್ನವ್ವ ಕುಂಬಾರ.' ಅವರ ಹೆಸರು ಮೊದಲಿರಲಿ, ಹಿರಿಯರು. ಇದನ್ನು ಜೀವನನಿಗೆ ನಾನೇ ಹೇಳಿದ್ದೇನೆ. ಹೋದ ವಾರ ಬಂದಿದ್ದ. ಸೀರೆ ಕೊಟ್ಟ. ಕಾಕು ಎಂದು ಕೂಗುವುದಕ್ಕೆ ಇನ್ನೂ ಅವನಿಗೆ ಬಾಯಿ ಬರುತ್ತಿಲ್ಲ. ಬಂದಾಗ ಬರಲಿ. ಸಹಾಯದ ಮಾತಿಗೆ ಬಹಳ ಹೊತ್ತು ವಾದಿಸಿ ಕೊನೆಗೆ ಒಪ್ಪಿದ.

ಇನ್ನೊಂದು ಸಂಗತಿ. ಇದನ್ನು ಯಾರಿಗೂ ಹೇಳಬೇಡ. ನಿನ್ನೆ ಬುಧವಾರ ಒಬ್ಬಳೇ ಎಸ್.ಟಿ. ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋದೆ. ಪ್ರಾಜಕ್ತಾಗೆ ಹೇಳಿದೆ, ತಿಗರಿ ತೋರಿಸಿ ನೀನು ಹೊರಗೆ ಹೋಗು ಎಂದು. ಒಳ್ಳೆಯ ಹುಡುಗಿ, ಏನೂ ಕೇಳದೆ ಹೋದಳು. ಅದು ಕರೆಂಟಿನ ತಿಗರಿ. ನಮ್ಮದರ ಹಾಗೆ ಒದೆಯಬೇಕಿಲ್ಲ, ಕಾಲಿಗೆ ಕೆಲಸವಿಲ್ಲ. ನನ್ನ ಕಾಲು ಮಾತ್ರ ತಾನಾಗಿ ಒದೆಯುತ್ತಿತ್ತು. ಮೊದಲನೆಯದು ಹಾರಿ ಗೋಡೆಗೆ ಬಡಿಯಿತು. ಎರಡನೆಯದು ಕುಸಿಯಿತು. ಮೂರನೆಯದೂ ಕುಸಿಯಿತು. ಬೆರಳಿನ ಗೆಣ್ಣು ನೋಯತೊಡಗಿದವು. ನಾಲ್ಕನೆಯದು ನಿಂತಿತು.

ಪ್ರಾಜಕ್ತಾ ಬಂದು ನೋಡಿ ಇದನ್ನು ಸುಟ್ಟು ಇಡೋಣ ಎಂದಳು. ಬೇಡವೆಂದೆ. ತಳ ದಪ್ಪವಾಗಿತ್ತು, ಅಂಚು ಎಡಕ್ಕೆ ಎಳೆದಿತ್ತು. ಅಂಥದ್ದನ್ನು ನಮ್ಮ ಭಟ್ಟಿಯಲ್ಲಿ ಇಡುತ್ತಿರಲಿಲ್ಲ. ದಾರದಿಂದ ಕೊಯ್ದು, ಮುದ್ದೆ ಮಾಡಿ, ಮಣ್ಣಿನ ತೊಟ್ಟಿಗೆ ಹಾಕಿ ಬಂದೆ.

ಬುಧವಾರ ಮತ್ತೆ ಹೋಗುತ್ತೇನೆ.

ಅನ್ನವ್ವ